ಕಿವಿ ಕತ್ತರಿಸಿದ ಮುಚ್ಚಳ

ಫೆಬ್ರವರಿ ೩, ಸೋಮವಾರ

ನಾದಿನಿಯ ಫೋನು ಬಂತು. ಮುಂದಿನ ತಿಂಗಳು ಎಂಟನೇ ತಾರೀಕು ಶನಿವಾರ ಬಂದು ಅತ್ತೆಯವರನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳಂತೆ. "ಅಣ್ಣ ಇದ್ದಾಗಿನ ಮಾತು ಬೇರೆ ಅತ್ತಿಗೆ. ಅವನು ಹೋಗಿ ಎರಡು ವರ್ಷ ಆಗ್ತಾ ಬಂತು. ಇನ್ನೂ ನೀವೇ ನೋಡ್ಕೊಳ್ಳಿ ಅನ್ನೋಕೆ ನನಗೆ ಮುಖ ಇಲ್ಲ. ನಿಮಗೂ ಒಂದು ಬದುಕು ಅಂತ ಬೇಡ್ವಾ?" ಅಂದಳು. ನ್ಯಾಯವಾದ ಮಾತು. ಒಪ್ಪಿಕೊಂಡೆ.

ಅತ್ತೆಯವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೇರೆಯವರ ಮಾತು ಜೋಡಿಸಿದವರು. ಒಂದು ಕಡೆಯ ಮಾತು ಕಿವಿಗೆ ಬಿದ್ದರೆ ಇನ್ನೊಂದು ಕಡೆಯದು ತಾನಾಗಿ ತಿಳಿಯುತ್ತದೆ. "ಹೋಗೋಣ, ಅದಕ್ಕೇನು. ಆದ್ರೆ ಆ ಗಿರಣಿ ಕಥೆ ಮುಗೀಲಿ. ಅರ್ಧಕ್ಕೆ ಲೈನ್ ಕತ್ತರಿಸಬಾರದು," ಅಂದರು.

ಗಿರಣಿ ಕಥೆ ಅಂದರೆ ನಾನು ದಿನಾ ಸಂಜೆ ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿರುವ ಅನುವಾದಿತ ಕಾದಂಬರಿ. ಅವರ ಕಣ್ಣಿಗೆ ಅಕ್ಷರ ಕಾಣದಂತಾದ ಮೇಲೆ ಶುರುವಾದ ಏರ್ಪಾಡು. ಉಳಿದ ಪುಟ ನೋಡಿದೆ. ದಿನಕ್ಕೆ ಹತ್ತು ಓದಿದರೆ ನಾದಿನಿ ಬರುವ ಮೊದಲೇ ಮುಗಿಯುತ್ತದೆ. ಆಮೇಲೆ ನನ್ನ ಪುಸ್ತಕ ನಾನು ಮನಸ್ಸಿನಲ್ಲೇ ಓದಬಹುದು. ಆ ಸುಖ ಮರೆತೇಹೋಗಿದೆ.

ಇವತ್ತು ಹನ್ನೊಂದು ಪುಟ.


ಫೆಬ್ರವರಿ ೫, ಬುಧವಾರ

ಕಾರ್ಖಾನೆಯಲ್ಲಿ ಪಂಪಿನ ಮುಚ್ಚಳಗಳ ಮೊದಲ ಕಂತು ತಯಾರಾಯಿತು. ನನ್ನ ನಕ್ಷೆ. ಅಂಗೈಯಗಲದ ಅಲ್ಯೂಮಿನಿಯಂ ಬಿಲ್ಲೆ, ನಡುವೆ ದಂಡ ತೂರುವ ದೊಡ್ಡ ತೂತು, ಸುತ್ತ ಆರು ಬೋಲ್ಟಿನ ತೂತು, ಮುಚ್ಚಳ ಆಚೀಚೆ ಸರಿಯದಂತೆ ಹಿಡಿಯಲು ಎರಡು ಪಿನ್ನಿನ ತೂತು. ಎರಕದಲ್ಲಿ ಬರುವಾಗ ಒಂದು ಪಕ್ಕಕ್ಕೆ ಚೌಕಾಕಾರದ ಚಾಚು ಇರುತ್ತದೆ. ನಾವು ಅದನ್ನು ಕಿವಿ ಅನ್ನುತ್ತೇವೆ. ಯಂತ್ರದ ದವಡೆ ಅದನ್ನೇ ಕಚ್ಚಿ ಹಿಡಿದಿರುತ್ತದೆ. ಎಲ್ಲ ತೂತೂ ಕೊರೆದ ಮೇಲೆ ಕೊನೆಯಲ್ಲಿ ಕಿವಿಯನ್ನು ಕತ್ತರಿಸಿ ತೆಗೆಯುತ್ತಾರೆ.

ಮಧ್ಯಾಹ್ನ ತಪಾಸಣೆಯವರು ಒಂದು ಮುಚ್ಚಳ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ಅವರಿಗೆ ಕಾರ್ಖಾನೆಯಲ್ಲೆಲ್ಲ ಸೊನ್ನೆ ಎಂದೇ ಹೆಸರು. ಅಳೆಯುವ ಉಪಕರಣದ ಮುಳ್ಳನ್ನು ಮೂರು ಸಲ ಸೊನ್ನೆಗೆ ತಾರದೆ ಏನನ್ನೂ ಮುಟ್ಟುವುದಿಲ್ಲ.

"ಮೇಡಂ, ಈ ತೂತುಗಳನ್ನೆಲ್ಲ ಎಲ್ಲಿಂದ ಅಳೀಬೇಕು?"

"ನಕ್ಷೆಯಲ್ಲಿದೆಯಲ್ಲ. ಕಿವಿಯ ಎರಡು ಅಂಚಿನಿಂದ."

"ಕಿವಿ ಎಲ್ಲಿ?"

ನಾನು ಮುಚ್ಚಳ ನೋಡಿದೆ. ಕಿವಿ ಇದ್ದ ಜಾಗ ನುಣ್ಣಗೆ ಹೊಳೆಯುತ್ತಿತ್ತು.

"ಕತ್ತರಿಸಿ ಕಸಕ್ಕೆ ಹಾಕಿದಾರೆ ಮೇಡಂ. ಈಗ ಕಸದ ಬುಟ್ಟಿಯಿಂದ ಅಳೀಲಾ? ಹೇಳಿ, ಅಳೀತೀನಿ. ಬುಟ್ಟಿ ಅಲ್ಲಾಡದ ಹಾಗೆ ಮಾತ್ರ ನೀವು ಹಿಡ್ಕೋಬೇಕು."

ಅಕ್ಕಪಕ್ಕದ ಮೇಜಿನವರು ನಕ್ಕರು. ನಾನು ನಗಲಿಲ್ಲ. ಕೊರೆಯುವಾಗ ಕಿವಿ ಇರುತ್ತದೆ, ಅಲ್ಲಿಂದ ಅಳೆದೇ ಕೊರೆದಿದ್ದಾರೆ, ಆದ್ದರಿಂದ ತೂತುಗಳು ಸರಿಯಾಗಿಯೇ ಇರುತ್ತವೆ ಎಂದು ವಿವರಿಸಿದೆ. ಸೊನ್ನೆ ಮುಚ್ಚಳವನ್ನು ನನ್ನ ಮೇಜಿನ ಮೇಲೆ ಮೆಲ್ಲಗೆ, ಮೊಟ್ಟೆ ಇಡುವ ಹಾಗೆ ಇಟ್ಟು ಹೋದರು.

ಹತ್ತು ಪುಟ.


ಫೆಬ್ರವರಿ ೬, ಗುರುವಾರ

ಬೆಳಿಗ್ಗೆ ಎಂದಿನಂತೆ ಅತ್ತೆಯವರನ್ನು ಎಬ್ಬಿಸಿ, ಬಾತ್‌ರೂಮಿಗೆ ಕರೆದೊಯ್ದು, ಚಹಾ ಕೊಟ್ಟು ಕೆಲಸಕ್ಕೆ. ನನ್ನ ಬೂದು ಸ್ವೆಟರಿನ ಬಲಭುಜದ ಹೆಣಿಗೆ ಜಗ್ಗಿ ಸಡಿಲವಾಗಿದೆ. ಒಗೆದು ಹಿಂಡುವಾಗ ಎಡವಟ್ಟಾಗಿರಬೇಕು.

ಸಂಜೆ ಅವರು ಬಟಾಣಿ ಬಿಡಿಸುತ್ತಿದ್ದರು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಪ್ಪೆ ಯಾವುದು ಕಾಳು ಯಾವುದು ತಿಳಿಯುತ್ತದೆ. "ಯಾಕೆ, ಇವತ್ತು ಚಪ್ಪಲಿ ಬಿಡೋ ಸದ್ದೇ ಜೋರಾಗಿತ್ತು?" ಅಂದರು. ಮುಚ್ಚಳದ ವಿಷಯ ಹೇಳಿದೆ. ಹೇಳಬೇಕೆಂದಿರಲಿಲ್ಲ.

"ಅಂದ್ರೆ ಆ ಕಿವಿ ಹಿಡ್ಕೊಂಡೇ ಉಳಿದಿದ್ದೆಲ್ಲ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದು."

"ಹೌದು."

"ಆಮೇಲೆ ಅದನ್ನೇ ತೆಗೆದುಬಿಟ್ರು."

"ಅದು ಕೆಲಸ ಮಾಡುವಾಗ ಹಿಡಿಯೋಕೆ ಮಾತ್ರ ಅತ್ತೆ. ಪಂಪಿನಲ್ಲಿ ಅದಕ್ಕೇನೂ ಕೆಲಸ ಇಲ್ಲ."

"ಪಾಪ," ಅಂದರು. ಬಟಾಣಿಯ ಬುಟ್ಟಿ ಪಕ್ಕಕ್ಕಿಟ್ಟರು. ಆಮೇಲೆ, "ಓದು, ಆ ಮೂಗಿನವನು ಮನೆಗೆ ಬಂದ್ನೋ ಇಲ್ವೋ," ಅಂದರು.

ಅತ್ತೆಯವರಿಗೆ ಕಾದಂಬರಿಯ ಹೆಸರುಗಳು ನಾಲಿಗೆಗೆ ಹತ್ತುವುದಿಲ್ಲ. ಒಬ್ಬೊಬ್ಬರದೂ ಮೂರು ಮೂರು ತುಂಡಿನ ಹೆಸರು. "ಅಷ್ಟುದ್ದ ಹೆಸರು ಹೇಳಿ ಊಟಕ್ಕೆ ಕರೆಯೋ ಹೊತ್ತಿಗೆ ಅನ್ನ ಆರಿಹೋಗಲ್ವೇನೇ?" ಎಂದು ಅವರೇ ಬೇರೆ ಹೆಸರಿಟ್ಟಿದ್ದಾರೆ. ಗಿರಣಿಯ ಹಿರಿಯ ಅಣ್ಣ ಮೂಗಿನವನು. ತಮ್ಮ ಮೆತ್ತನೆಯವನು. ಅವರ ಸೋದರತ್ತೆ ಕೀಲಿಕೈ. ಅನುವಾದಕರು ಇಷ್ಟು ಶ್ರದ್ಧೆಯಿಂದ ಉಚ್ಚಾರಣೆ ಉಳಿಸಿಕೊಂಡಿರುವಾಗ ಇದು ಸರಿಯಲ್ಲ. ನಾನು ಪುಸ್ತಕದಲ್ಲಿದ್ದಂತೆಯೇ ಓದುತ್ತೇನೆ.

ಒಂಬತ್ತು ಪುಟ.


ಫೆಬ್ರವರಿ ೧೧, ಮಂಗಳವಾರ

ಮುಚ್ಚಳಗಳನ್ನು ಪಂಪಿಗೆ ಕೂರಿಸಿ ನೀರು ಹಾಯಿಸಿ ನೋಡಿದರು. ಕೆಲವು ಸರಿ. ಕೆಲವು ದಂಡದ ಸುತ್ತ ಒಸರಿದವು. ಸೊನ್ನೆ ಒಸರುವ ಪಂಪಿನ ಕೆಳಗೆ ಒಂದು ಲೋಟ ಇಟ್ಟು ನನ್ನನ್ನು ಕರೆಸಿದರು.

"ಕಿವಿ ಇದ್ದಾಗ ಅಳೆದ ನಂಬರೆಲ್ಲ ಸರಿ ಇದೆ ಮೇಡಂ. ಮುಚ್ಚಳ ಸರಿ ಇಲ್ಲ."

"ಅದು ಹೇಗೆ ಸಾಧ್ಯ?"

"ಅದೇ ನನಗೂ ಗೊತ್ತಾಗ್ತಿಲ್ಲ. ನೀವು ಓದಿದವರು, ನಾನೂ ಓದಿದವನು, ಇಬ್ಬರೂ ಲೋಟ ನೋಡ್ತಾ ನಿಂತಿದೀವಿ."

ಕೂತು ಯೋಚಿಸಿದೆ. ನಡುವಿನ ದೊಡ್ಡ ತೂತಿಗೆ ಕಿವಿಯಿಂದ ಇಷ್ಟು ದೂರ ಎಂದು ಬರೆದಿದ್ದೆ. ಪಿನ್ನಿನ ತೂತಿಗೂ ಕಿವಿಯಿಂದಲೇ. ಕಿವಿಯಿಂದ ಇದು ಕೂದಲೆಳೆ ಆಚೆ ಹೋಗಬಹುದು, ಅದು ಕೂದಲೆಳೆ ಈಚೆ ಬರಬಹುದು. ಎರಡಕ್ಕೂ ಅನುಮತಿ ಇದೆ. ಆದರೆ ಅವೆರಡರ ನಡುವೆ ಎಷ್ಟಿರಬೇಕು ಎಂದು ನಾನು ಎಲ್ಲೂ ಹೇಳಿಲ್ಲ. ಪಂಪಿಗೆ ಬೇಕಾದದ್ದು ಅದೊಂದೇ.


ಫೆಬ್ರವರಿ ೧೩, ಗುರುವಾರ

ನಕ್ಷೆಯನ್ನು ಮೊದಲಿನಿಂದ ಬರೆದೆ. ಅಳತೆಗೆ ಹೊಸ ಆಧಾರಗಳು. ನಮ್ಮ ಭಾಷೆಯಲ್ಲಿ ಡೇಟಮ್. ಮೊದಲನೆಯದು, ಮುಚ್ಚಳ ಪಂಪಿನ ಮೈಗೆ ಅಂಟಿ ಕೂರುವ ಮುಖ. ಎರಡನೆಯದು, ನಡುವಿನ ದೊಡ್ಡ ತೂತು. ಮೂರನೆಯದು, ಪಿನ್ನಿನ ಒಂದು ತೂತು. ಎಲ್ಲಿ ಕೂರುತ್ತದೆ, ಯಾವುದರ ಸುತ್ತ, ಯಾವ ಕಡೆಗೆ ಮುಖ: ಈ ಮೂರು ನಿಂತರೆ ವಸ್ತು ನಿಂತಂತೆ. ಉಳಿದ ತೂತುಗಳೆಲ್ಲ ಇವುಗಳಿಂದಲೇ. ಕಿವಿಯ ಹೆಸರು ಎಲ್ಲೂ ಇಲ್ಲ.

ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆಧಾರವಾಗಿ ಆರಿಸಿದ್ದು ಕೊನೆಯವರೆಗೂ ಇರಬೇಕು, ವಸ್ತು ತನ್ನ ಕೆಲಸದಲ್ಲಿ ಅದನ್ನು ಮುಟ್ಟಬೇಕು. ಕೊರೆಯುವವರಿಗೆ ಸುಲಭವಾಗಲಿ ಎಂದು ಕಿವಿ ಹಿಡಿದೆ.

ಸೊನ್ನೆ ನಕ್ಷೆ ನೋಡಿ, "ಈಗ ನನ್ನ ಕೈಗೆ ಕೆಲಸ ಕೊಟ್ರಿ. ಬುಟ್ಟಿಗೆ ವಿಶ್ರಾಂತಿ," ಅಂದರು.

ಮನೆಯಲ್ಲಿ ಏಳು ಪುಟ. ಅತ್ತೆ ನಡುನಡುವೆ ಮಾತಾಡಿದ್ದರಿಂದ ತಡವಾಯಿತು.


ಫೆಬ್ರವರಿ ೧೬, ಭಾನುವಾರ

ನಾದಿನಿ ಅತ್ತೆಗಾಗಿ ಮನೆಯಲ್ಲಿ ಒಂದು ಕೋಣೆ ಸಿದ್ಧ ಮಾಡಿಸುತ್ತಿದ್ದಾಳೆ. ಗೋಡೆಗೆ ಬಣ್ಣ ಯಾವುದು ಹೊಡೆಸಲಿ ಎಂದು ಕೇಳಿದಳು. ಅತ್ತೆ ಫೋನಿನಲ್ಲಿ, "ನನ್ನ ಕಣ್ಣಿಗೆ ಎಲ್ಲಾ ಮೊಸರಿನ ಬಣ್ಣವೇ ಕಣೇ, ನಿನಗಿಷ್ಟವಾದ್ದು ಹೊಡೆಸು," ಅಂದರು.

ನಮ್ಮ ಬಾತ್‌ರೂಮಿನಲ್ಲಿ ಕಮೋಡಿನ ಪಕ್ಕ ಗೋಡೆಗೆ ಒಂದು ಹಿಡಿಕಂಬಿ ಇದೆ. ಅತ್ತೆಯ ಮಂಡಿ ಕೈಕೊಟ್ಟ ಮೇಲೆ ನಾನೇ ಅಳತೆ ಹಾಕಿ ಕೂರಿಸಿದ್ದು. ಅಂಥದ್ದೇ ಅಲ್ಲೂ ಬೇಕಂತೆ. "ನೀವು ಒಂದು ಡ್ರಾಯಿಂಗ್ ಕಳಿಸಿದ್ರೆ ಪ್ಲಂಬರ್ ಕೈಲಿ ಕೊಡ್ತೀನಿ ಅತ್ತಿಗೆ. ನಿಮ್ಮ ಡ್ರಾಯಿಂಗ್ ಅಂದ್ರೆ ಕಣ್ಣು ಮುಚ್ಚಿಕೊಂಡು ತೂತು ಹೊಡೀಬಹುದು."

ನಾಲ್ಕೇ ತೂತು. ಒಂದು ಹಾಳೆಯಲ್ಲಿ ಬರೆದು ಫೋಟೋ ತೆಗೆದು ಕಳಿಸಿದೆ. ಅಚ್ಚುಕಟ್ಟಾಗಿ ಬಂತು.

ಓದುವಾಗ ಅತ್ತೆ ಕೇಳಿದರು: "ಅವಳ ಮನೇಲಿ ಯಾರು ಓದ್ತಾರೆ?"

"ಅವರ ಮನೆಯವರು ಪೇಪರ್ ಓದ್ತಾರಲ್ಲ."

"ಅವನು ಓದೋದು ಶೇರು ಮಾರುಕಟ್ಟೆ. ಅದರಲ್ಲಿ ಮೂಗಿನವನು ಬರ್ತಾನಾ?"

ಐದು ಪುಟ. ಕೀಲಿಕೈ ಗಿರಣಿಯ ಪಾಲು ಕೇಳಲು ಬಂದಿದ್ದಾಳೆ.


ಫೆಬ್ರವರಿ ೧೯, ಬುಧವಾರ

ಗಂಟಲು ಸರಿ ಇರಲಿಲ್ಲ. ಎರಡೇ ಪುಟ.


ಫೆಬ್ರವರಿ ೨೦, ಗುರುವಾರ

ಕೆಲಸದ ಮಧ್ಯೆ ನಾದಿನಿಯ ಫೋನು. ಪ್ಲಂಬರ್ ಬಂದು ನಿಂತಿದ್ದಾನೆ.

"ಅತ್ತಿಗೆ, ಇಲ್ಲಿ 'ಕಿಟಕಿಯ ಎಡ ಚೌಕಟ್ಟಿನಿಂದ ಇಷ್ಟು, ಕಿಟಕಿಯ ಕೆಳಗಿನ ಅಂಚಿನಿಂದ ಇಷ್ಟು' ಅಂತಿದೆ."

"ಹೌದು."

"ನಮ್ಮ ಬಾತ್‌ರೂಮಲ್ಲಿ ಕಿಟಕಿನೇ ಇಲ್ವಲ್ಲ."

ಪೆನ್ಸಿಲ್ ಕೆಳಗಿಟ್ಟೆ.

"ಪ್ಲಂಬರ್ ಕೇಳ್ತಿದಾನೆ, ಮೊದಲು ಗೋಡೆ ಒಡೆದು ಕಿಟಕಿ ಇಡ್ಬೇಕಾ ಅಂತ," ನಾದಿನಿ ನಗುತ್ತಿದ್ದಳು. ಹಿಂದೆ ಅವನೂ ನಗುವುದು ಕೇಳಿಸಿತು.

ಒಂದೇ ತಿಂಗಳಲ್ಲಿ ಎರಡು ಸಲ. ನಾಲ್ಕು ತೂತಿಗೂ ನಮ್ಮ ಮನೆಯ ಕಿಟಕಿಯನ್ನು ಆಧಾರ ಹಿಡಿದು ಕೂತಿದ್ದೆ. ಅತ್ತೆ ಹೋಗುವುದು ಬೇರೆ ಮನೆಗೆ ಎಂಬುದು ಬರೆಯುವ ಹೊತ್ತಿನಲ್ಲಿ ತಲೆಗೇ ಬಂದಿರಲಿಲ್ಲ. ಯಾಕೋ ಗೊತ್ತಿಲ್ಲ. ಸೊನ್ನೆಗೆ ಹೇಳಲಿಲ್ಲ. ಹೇಳಿದರೆ ನಿವೃತ್ತಿಯವರೆಗೂ ಬಿಡುವುದಿಲ್ಲ.

ಅತ್ತೆಗೆ ಹೇಳಿದೆ. ಕೆಮ್ಮು ಬರುವಷ್ಟು ನಕ್ಕರು. ಬೆನ್ನು ತಟ್ಟಬೇಕಾಯಿತು.


ಫೆಬ್ರವರಿ ೨೩, ಭಾನುವಾರ

ಗೋಡೆ, ಕಿಟಕಿ, ಬಾಗಿಲು ಎಲ್ಲವೂ ಮನೆಯಿಂದ ಮನೆಗೆ ಬದಲಾಗುತ್ತವೆ. ಎರಡೂ ಮನೆಯಲ್ಲಿ ಒಂದೇ ಆಗಿರುವುದು ಅತ್ತೆ. ಆದ್ದರಿಂದ ಅವರಿಂದಲೇ ಅಳೆಯುವುದು ಸರಿ. ಬೆಳಿಗ್ಗೆ ಟೇಪು ಹಿಡಿದು ಬಾತ್‌ರೂಮಿಗೆ ಹೋದೆವು. ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಕೂರಿಸಿದೆ.

"ಇದೇನಿದು, ಸ್ವೆಟರ್ ಹೆಣೀತೀಯಾ?"

"ಕೈ ಇಳಿಬಿಡಿ ಅತ್ತೆ. ಮೊಣಕೈ ಮಡಚಿ. ಅಷ್ಟೇ, ಅಲ್ಲಾಡಬೇಡಿ."

"ಕಚಗುಳಿ ಆಗುತ್ತೆ ಕಣೇ."

"ಮೊಣಕೈಗೆ ಯಾರಿಗಾದ್ರೂ ಕಚಗುಳಿ ಆಗುತ್ತಾ?"

"ಯಾರೂ ಮುಟ್ಟದೆ ಇದ್ದರೆ ಎಲ್ಲಿ ಬೇಕಾದ್ರೂ ಆಗುತ್ತೆ."

ಆಸನದಿಂದ ಮೊಣಕೈಗೆ, ಬೆನ್ನಿನಿಂದ ಚಾಚಿದ ಮುಷ್ಟಿಗೆ, ಕೂತಾಗ ಭುಜದ ಎತ್ತರ. ಅವರ ಮುಷ್ಟಿ ನಾನಂದುಕೊಂಡದ್ದಕ್ಕಿಂತ ಚಿಕ್ಕದು. ಕಂಬಿಯ ದಪ್ಪ ಒಂದು ಅಳತೆ ಕಡಿಮೆ ಇದ್ದರೆ ಒಳ್ಳೆಯದಿತ್ತು. ಇಷ್ಟು ದಿನ ಯಾಕೆ ನೋಡಲಿಲ್ಲ? ಬಲಗೈಯ ನಾಲ್ಕನೇ ಬೆರಳು ಪೂರ್ತಿ ಮಡಚುವುದಿಲ್ಲ. ಎಕ್ಸ್‌ಚೇಂಜಿನಲ್ಲಿದ್ದಾಗ ತಂತಿಗಳ ಪೆಟ್ಟಿಗೆಯ ಬಾಗಿಲಿಗೆ ಸಿಕ್ಕಿದ್ದಂತೆ. ಹದಿನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ, ನನಗೆ ಗೊತ್ತಿರಲಿಲ್ಲ.

"ನನ್ನ ಮಗ ಒಂದು ದಿನಾನೂ ನನ್ನನ್ನ ಅಳೀಲಿಲ್ಲ ನೋಡು," ಅಂದರು. "ನೀನು ಇಂಚಿಂಚೂ ಬರ್ಕೊಂಡೆ."

ಆಧಾರ ಒಂದು: ಆಸನ. ಆಧಾರ ಎರಡು: ಕೂತವರ ನಡುಗೆರೆ. ಆಧಾರ ಮೂರು: ಬೆನ್ನ ಹಿಂದಿನ ಗೋಡೆ. ನಾಲ್ಕೂ ತೂತು ಇವುಗಳಿಂದ. ಎರಡು ಸಲ ಪರೀಕ್ಷಿಸಿ ಕಳಿಸಿದೆ. ಈ ಸಲ ತಪ್ಪಿಲ್ಲ.


ಫೆಬ್ರವರಿ ೨೬, ಬುಧವಾರ

ಹೊಸ ನಕ್ಷೆಯ ಮುಚ್ಚಳಗಳು ಬಂದವು. ಒಂದೂ ಒಸರಲಿಲ್ಲ. ಸೊನ್ನೆ ಒಣ ಲೋಟವನ್ನು ನನ್ನ ಮೇಜಿಗೆ ತಂದು, "ಇದರಲ್ಲಿ ಇನ್ನು ಚಹಾ ಕುಡೀಬಹುದು," ಎಂದು ಅದರಲ್ಲೇ ಚಹಾ ಕೊಟ್ಟರು.

ಅಲ್ಲಿ ಪ್ಲಂಬರ್ ಕಂಬಿ ಕೂರಿಸಿದನಂತೆ. ನಾದಿನಿ ಫೋಟೋ ಕಳಿಸಿದ್ದಳು. ಅಂಚಿಗೆ ಅಂಚು ಸರಿಯಾಗಿದೆ.

ದೀಪದ ಬೆಳಕು ಯಾಕೋ ಮಂಕಾಗಿದೆ. ಒಂದು ಪುಟ ಓದಿದೆ. ಅತ್ತೆ, "ಹೋದ ವಾರ ಕೀಲಿಕೈ ಬಂದ ಭಾಗ ಮರೆತುಹೋಯ್ತು, ಅಲ್ಲಿಂದ ಇನ್ನೊಂದು ಸಲ ಓದು," ಅಂದರು. ಓದಿದೆ. ಅವರಿಗೆ ಮರೆಯುವುದು ಹೊಸದು. ಡಾಕ್ಟರಿಗೆ ಹೇಳಬೇಕು.


ಮಾರ್ಚ್ ೨, ಭಾನುವಾರ

ಅತ್ತೆಯ ಸಾಮಾನು ಜೋಡಿಸಿದೆವು. ಎರಡು ಪೆಟ್ಟಿಗೆಯಲ್ಲಿ ಮುಗಿಯಿತು. ನಾನು ಒಂದೊಂದೇ ವಸ್ತು ಹಿಡಿದು ಕೇಳುವುದು, ಅವರು ಬೆರಳಾಡಿಸಿ "ಅಲ್ಲಿಗೆ" ಅಥವಾ "ಇಲ್ಲಿಗೆ" ಅನ್ನುವುದು.

ಶಾಲು: ಅಲ್ಲಿಗೆ. ರೇಡಿಯೋ: ಅಲ್ಲಿಗೆ. ಬಟಾಣಿ ಬಿಡಿಸುವ ಬುಟ್ಟಿ: ಇಲ್ಲಿಗೆ. ಅವರ ಕುರ್ಚಿಯ ದಿಂಬು: "ಇಲ್ಲಿಗೆ. ಕುರ್ಚಿ ಇಲ್ಲೇ ಇರುತ್ತಲ್ಲ, ಪಾಪ, ಒಂಟಿಯಾಗುತ್ತೆ." ಮಗನ ಫೋಟೋ ಹಿಡಿದಾಗ ಗಾಜು ಸವರಿದರು.

"ಒಂದೇ ಫೋಟೋನಾ?"

"ಒಂದೇ."

"ಹಾಗಾದ್ರೆ ಇಲ್ಲಿಗೆ. ನಿನ್ನ ಕಣ್ಣು ಚೆನ್ನಾಗಿದೆ, ನೀನು ನೋಡ್ತಿರು. ನನಗೆ ಹೇಗೂ ಕಾಣಲ್ಲ."

ಮಧ್ಯಾಹ್ನ ಪೆಟ್ಟಿಗೆಯ ಮುಚ್ಚಳ ಹಾಕಲು ಆಗಲಿಲ್ಲ. ಶಾಲು ತೆಗೆದು ಮಡಚಿ ಮತ್ತೆ ಇಟ್ಟೆ. ಆಗಲೂ ಆಗಲಿಲ್ಲ. ಬೀಗ ಹಳೆಯದು.

ಮೂಗಿನವನಿಗೆ ಜ್ವರ. ಅರ್ಧ ಪುಟ.


ಮಾರ್ಚ್ ೫, ಬುಧವಾರ

ಓದಲಿಲ್ಲ. ಇಬ್ಬರೂ ರೇಡಿಯೋ ಕೇಳಿದೆವು. ಪೆಟ್ಟಿಗೆಯಿಂದ ಅದನ್ನು ಮತ್ತೆ ತೆಗೆಯಬೇಕಾಯಿತು.


ಮಾರ್ಚ್ ೮, ಶನಿವಾರ

ನಾದಿನಿ ಸಂಜೆ ಬಂದಳು. ಬರುವಾಗಲೇ ಬಾಗಿಲಲ್ಲಿ ನಿಂತು, "ಅಯ್ಯೋ ಅಮ್ಮ, ಇದೇನು ಇಷ್ಟು ಗುಂಡಗಾಗಿದ್ದೀಯಾ, ಅತ್ತಿಗೆ ಏನು ಹಾಕ್ತಾರೆ ನಿನಗೆ!" ಎಂದು ತಬ್ಬಿಕೊಂಡಳು. ಅವಳು ಬಂದರೆ ಮನೆ ಒಂದಿಷ್ಟು ದೊಡ್ಡದಾದಂತೆ ಅನಿಸುತ್ತದೆ. ತನ್ನ ಅಣ್ಣನ ಹಾಗೇ ಕುರ್ಚಿಯಲ್ಲಿ ಅಡ್ಡ ಕೂರುತ್ತಾಳೆ, ಒಂದು ಕಾಲು ಅದರ ತೋಳಿನ ಮೇಲೆ.

ಕೋಣೆಯ ಫೋಟೋಗಳನ್ನು ತೋರಿಸಿದಳು. ಹಳದಿ ಗೋಡೆ, ಬಾಲ್ಕನಿ, ಅತ್ತೆಗೆಂದೇ ಹೊಸ ಮಂಚ. ಚೆನ್ನಾಗಿದೆ. ಯಾವುದರಲ್ಲೂ ಕೊರತೆ ಹುಡುಕುವಂತಿಲ್ಲ. ನಾನು ಹುಡುಕಿದೆ ಎಂದಲ್ಲ.

ನಾಳೆ ಮಧ್ಯಾಹ್ನ ಮೂರು ಗಂಟೆಯ ಬಸ್ಸು.

"ಪುಸ್ತಕ ಮುಗೀತಾ ಅಮ್ಮ?"

"ಇನ್ನೂ ಇಲ್ಲ," ಅಂದರು ಅತ್ತೆ.

"ಒಂದು ತಿಂಗಳಿಂದ ಓದ್ತಿದೀರಲ್ಲ!"

"ದೊಡ್ಡ ಪುಸ್ತಕ," ಅಂದೆ ನಾನು.


ಮಾರ್ಚ್ ೯, ಭಾನುವಾರ

ಎಲ್ಲವನ್ನೂ ನಡೆದ ಹಾಗೇ ಬರೆದಿಡುತ್ತೇನೆ.

ಬೆಳಿಗ್ಗೆ ಎಂದಿನಂತೆ ಅತ್ತೆಯನ್ನು ಬಾತ್‌ರೂಮಿಗೆ ಕರೆದೊಯ್ದೆ. ಏಳುವ ಹೊತ್ತಿಗೆ ನಾದಿನಿ ಟವೆಲ್ ತಂದು ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಬಲಗೈಯಿಂದ ಕಂಬಿ ಹಿಡಿದರು, ಎಡಗೈ ನನ್ನ ಭುಜದ ಮೇಲಿಟ್ಟರು, ನಾನು ಸ್ವಲ್ಪ ಬಗ್ಗಿದೆ, ಅವರು ಎದ್ದರು. ನಾನು ಸೆಟೆದು ನಿಂತೆ. ಅಷ್ಟೇ.

"ಅತ್ತಿಗೆ, ಇನ್ನೊಂದು ಸಲ ಮಾಡಿ ನೋಡೋಣ," ಅಂದಳು ನಾದಿನಿ.

"ಏನು?"

"ಅಮ್ಮ ಏಳೋದು. ನಾನು ಕಲೀಬೇಕಲ್ಲ."

ಅತ್ತೆ ಗೊಣಗುತ್ತ ಕೂತು ಮತ್ತೆ ಎದ್ದರು. ನಾದಿನಿ ತಲೆ ಓರೆ ಮಾಡಿ ನೋಡಿದಳು.

"ಎಡಗೈಲಿ ಅಮ್ಮ ಏನು ಹಿಡ್ಕೊಂಡ್ಳು?"

"ನನ್ನ ಭುಜ."

"ಅದು ಡ್ರಾಯಿಂಗ್‌ನಲ್ಲಿ ಇಲ್ಲ."

ಹೌದು, ಇರಲಿಲ್ಲ. ಆಸನದಿಂದ ಮೊಣಕೈಗೆ, ಬೆನ್ನಿನಿಂದ ಮುಷ್ಟಿಗೆ ಎಲ್ಲ ಬರೆದಿದ್ದೆ, ಆದರೆ ಅವರ ಎಡಕ್ಕೆ ನಾನು ನಿಂತಿರುತ್ತೇನೆ ಎಂಬುದನ್ನು ಬರೆದಿರಲಿಲ್ಲ. ನನ್ನನ್ನೂ ಗೋಡೆಯ ಹಾಗೆ ಅಲ್ಲೇ ಇರುವುದು ಎಂದುಕೊಂಡಿದ್ದೆ ಅಂತ ಕಾಣುತ್ತದೆ.

ನಾದಿನಿಯ ಬಾತ್‌ರೂಮಿನಲ್ಲಿ ಎಡಗಡೆಗೆ ಗೋಡೆ ಇಲ್ಲ, ಖಾಲಿ ಜಾಗ. ಬೆಳಗ್ಗಿನ ಹೊತ್ತು ಅವಳೂ ಇರುವುದಿಲ್ಲ. ಮೊದಲ ಪಾಳಿಗೆ ಆರು ಗಂಟೆಗೇ ಆಸ್ಪತ್ರೆಗೆ ಹೋಗುವ ಲ್ಯಾಬಿನವಳು. "ಒಬ್ಬರನ್ನ ಇಟ್ಕೋಬಹುದು ಬೆಳಿಗ್ಗೆಗೆ," ಅಂದಳು. "ಅಥವಾ ಎಡಗಡೆಗೂ ಏನಾದ್ರೂ ಹಾಕ್ಸೋಕಾಗುತ್ತಾ ಅತ್ತಿಗೆ?"

"ಆಗುತ್ತೆ. ನೆಲದಿಂದ ಒಂದು ಕಂಬ ನಿಲ್ಲಿಸಬಹುದು. ಬರೆದು ಕೊಡ್ತೀನಿ."

ಊಟದ ಮೇಜಿನ ಮೇಲೆ ಹಾಳೆ ಹರಡಿ ಕೂತೆ. ಕಂಬದ ಬುಡಕ್ಕೆ ಚೌಕ ತಗಡು, ನೆಲಕ್ಕೆ ನಾಲ್ಕು ತೂತು. ಕಷ್ಟದ ಕೆಲಸವೇನಲ್ಲ. ಆಧಾರ ಒಂದು: ನೆಲ. ಆಧಾರ ಎರಡು: ಆಸನದ ನಡುಗೆರೆ. ಆಧಾರ ಮೂರು ಎಂದು ಬರೆದು, ಮುಂದೆ ಪೆನ್ಸಿಲ್ ಹೋಗಲಿಲ್ಲ. ಅತ್ತೆ ಎಡಗೈ ಎಲ್ಲಿ ಇಡುತ್ತಾರೆ ಎಂದು ತಿಳಿಯಬೇಕಿತ್ತು. ಎದ್ದು ಕನ್ನಡಿಯ ಮುಂದೆ ನಿಂತು ನನ್ನ ಭುಜದ ಎತ್ತರ ಅಳೆದೆ. ನಾನು ಎಷ್ಟು ಬಗ್ಗುತ್ತೇನೆ ಎಂದು ಬಗ್ಗಿ ಅಳೆದೆ. ಕನ್ನಡಿಯಲ್ಲಿ ಬೂದು ಸ್ವೆಟರು, ಬಲಭುಜದಲ್ಲಿ ಜಗ್ಗಿದ ಹೆಣಿಗೆ. ನಾಲ್ಕು ಬೆರಳಗಲ.

ಟೇಪು ಕೈಯಲ್ಲೇ ಇತ್ತು. ಅಡುಗೆಮನೆಗೆ ಹೋದೆ. ನಾದಿನಿ ದಾರಿಗೆಂದು ಕಿತ್ತಳೆ ಹಣ್ಣು ತೊಳೆಯುತ್ತಿದ್ದಳು.

"ಅತ್ತೆ ಇಲ್ಲೇ ಇರಲಿ," ಅಂದೆ.

ಅವಳು ನಲ್ಲಿ ನಿಲ್ಲಿಸಿದಳು. "ಯಾಕೆ ಅತ್ತಿಗೆ? ಕಂಬ ನಿಲ್ಲಲ್ವಾ?"

ನಿಲ್ಲುವುದಿಲ್ಲ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವಳು ನನ್ನ ಮಾತನ್ನು ನಂಬುತ್ತಿದ್ದಳು.

"ನಿಲ್ಲುತ್ತೆ."

"ಮತ್ತೆ?"

"ನನಗೆ ಅವರು ಬೇಕು."

ನಾದಿನಿ ನನ್ನನ್ನೇ ನೋಡಿದಳು. ಅವಳ ಮುಖ ಚಿಕ್ಕದಾಯಿತು. ಆ ಹಳದಿ ಗೋಡೆ, ಹೊಸ ಮಂಚ, ಅವಳೂ ಎಷ್ಟು ಆಸೆಯಿಂದ ಮಾಡಿಸಿದ್ದಳು. "ಅಣ್ಣನೇ ಇಲ್ದಿರೋವಾಗ ನಿಮ್ಮ ಮೇಲೆ ಹೊರೆ ಆಗಬಾರದು ಅಂತ..." ಅಂದಳು. "ನೀವು ಒಂದು ಸಲಾನೂ ಬಾಯಿಬಿಟ್ಟು ಹೇಳಲಿಲ್ವಲ್ಲ ಅತ್ತಿಗೆ."

"ನನಗೂ ಈಗಷ್ಟೇ ಗೊತ್ತಾಯ್ತು."

ಒಳಗಿನಿಂದ ಅತ್ತೆಯ ದನಿ: "ಹಲೋ, ಮೂರನೆಯವಳು ಲೈನಲ್ಲಿದೀನಿ. ಯಾರಾದ್ರೂ ನನ್ನನ್ನ ಕೇಳ್ತೀರಾ?"

ಇಬ್ಬರೂ ಹೋದೆವು. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಶಾಲು ಹೊದ್ದು, ಎರಡು ಪೆಟ್ಟಿಗೆಗಳ ನಡುವೆ ಕೂತಿದ್ದರು.

"ಹೇಳಮ್ಮ, ನಿನಗೆ ಎಲ್ಲಿರಬೇಕು ಅನ್ಸುತ್ತೆ?" ನಾದಿನಿ ಅವರ ಮುಂದೆ ನೆಲದ ಮೇಲೆ ಕೂತಳು.

"ಪುಸ್ತಕ ಮುಗಿದಿಲ್ಲ."

"ಎಷ್ಟು ಪುಟ ಉಳಿದಿದೆ ಅಂತ?"

"ಇವಳನ್ನ ಕೇಳು. ಹತ್ತು ಪುಟದ ಹುಡುಗಿ ಅರ್ಧ ಪುಟಕ್ಕೆ ಇಳಿದಿದಾಳೆ. ಒಂದು ದಿನ ಗಂಟಲಂತೆ, ಒಂದು ದಿನ ದೀಪವಂತೆ. ಕಣ್ಣು ಕಾಣಲ್ಲ ನನಗೆ, ಹಾಳೆ ಮಗುಚೋ ಸದ್ದೂ ಕೇಳಲ್ಲ ಅಂದ್ಕೊಂಡಿದಾಳೆ." ಆಮೇಲೆ ಮಗಳ ತಲೆ ಸವರಿದರು. "ನಾನೂ ಏನು ಕಮ್ಮಿ ಇಲ್ಲ ಬಿಡು. ಮರೆತುಹೋಯ್ತು ಅಂತ ಹೇಳಿ ಓದಿದ್ದನ್ನೇ ಎರಡೆರಡು ಸಲ ಓದಿಸಿದೀನಿ. ಆ ಕೀಲಿಕೈ ಬರೋ ಭಾಗ ನನಗೆ ಬಾಯಿಪಾಠ."

ನಾದಿನಿ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿದಳು. ತನ್ನ ಅಣ್ಣನ ಹಾಗೇ.

ಕೊನೆಗೆ ಹೀಗೆಂದು ಆಯಿತು: ನನ್ನ ಕಾರ್ಖಾನೆಗೆ ರಜೆ ಇರುವ ಮೇ ತಿಂಗಳಿನ ಹದಿನೈದು ದಿನ ನಾವಿಬ್ಬರೂ ಅಲ್ಲಿಗೆ ಹೋಗುವುದು. ಬಲಗಡೆಯ ಕಂಬಿ ಸಿದ್ಧವಿದೆ, ಎಡಗಡೆಗೆ ನಾನಿರುತ್ತೇನೆ. ಹೊಸ ಮಂಚದ ಪಕ್ಕಕ್ಕೆ ಇನ್ನೊಂದು ಹಾಸಿಗೆ ಹಾಕಿಸುತ್ತಾಳಂತೆ. ಮೂರು ಗಂಟೆಯ ಬಸ್ಸಿಗೆ ನಾದಿನಿಯೊಬ್ಬಳೇ ಹೋದಳು, ಕಿತ್ತಳೆಯನ್ನೆಲ್ಲ ಇಲ್ಲೇ ಬಿಟ್ಟು. ಬಸ್ಸು ಹತ್ತುವ ಮುಂಚೆ ನನ್ನನ್ನು ತಬ್ಬಿಕೊಂಡಳು. ಎಷ್ಟು ಹೊತ್ತು ಹಾಗೇ ನಿಲ್ಲಬೇಕೆಂದು ನನಗೆ ತಿಳಿಯಲಿಲ್ಲ. ಅವಳು ಬಿಡುವವರೆಗೂ ನಿಂತೆ.


ಮಾರ್ಚ್ ೧೨, ಬುಧವಾರ

ಕಿಟಕಿಯ ಕಥೆಯನ್ನು ಕಡೆಗೂ ಸೊನ್ನೆಗೆ ಹೇಳಿಬಿಟ್ಟೆ. ಒಂದು ನಿಮಿಷ ನನ್ನನ್ನು ನೋಡಿ, "ಪ್ಲಂಬರ್ ನಂಬರ್ ಕೊಡಿ ಮೇಡಂ, ಅವನ ಜೊತೆ ಚಹಾ ಕುಡೀಬೇಕು," ಅಂದರು.

ಸಂಜೆ ಗಂಟಲು ಚೆನ್ನಾಗಿತ್ತು. ದೀಪವೂ ಸರಿಯಾಗಿದೆ. ಓದುತ್ತ ಓದುತ್ತ ಮೂವತ್ತು ಪುಟ ಆಯಿತು, ಪುಸ್ತಕವೇ ಮುಗಿಯಿತು. ಮೂಗಿನವನು ಗಿರಣಿಯನ್ನು ಮೆತ್ತನೆಯವನಿಗೇ ಬಿಟ್ಟುಕೊಟ್ಟ. ಕೀಲಿಕೈ ಯಾರೊಂದಿಗೂ ಮಾತಾಡದೆ ದೋಣಿ ಹತ್ತಿದಳು.

"ಅಷ್ಟೇನಾ?" ಅಂದರು ಅತ್ತೆ.

"ಅಷ್ಟೇ."

"ಪರವಾಗಿಲ್ಲ, ಆದ್ರೆ ಕೀಲಿಕೈ ಹೋಗಬಾರದಿತ್ತು." ಶಾಲನ್ನು ಕಾಲಿನ ಮೇಲೆಳೆದುಕೊಂಡರು. "ಮುಂದಿನದು ಯಾವುದು?"

ಕಪಾಟಿನ ಮುಂದೆ ನಿಂತು ನೋಡಿದೆ. ಎಲ್ಲಕ್ಕಿಂತ ದಪ್ಪನೆಯದನ್ನು ತೆಗೆದೆ.